ಜಾವಾ, ಸಿ ಶಾರ್ಪ್ ಹೋಲಿಕೆ: ಚೀಟಿ ಕಿತ್ತ ಡಬ್ಬಿಯ ಪಾಠ

ಪಿಯುಸಿ ಗಣಕವಿಜ್ಞಾನದ ಬೋಧನಾಭ್ಯಾಸಕ್ಕೆ ನಾನು ಆರಿಸಿಕೊಂಡ ಪೂರಕ ಪಾಠ, ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಜೆವಿಎಂ ಮತ್ತು ಸಿ ಶಾರ್ಪ್ ಪ್ರೋಗ್ರಾಂಗಳನ್ನು ಓಡಿಸುವ ಡಾಟ್ ನೆಟ್‌ನ ಸಿಎಲ್‌ಆರ್ ಇವುಗಳ ಹೋಲಿಕೆ. ಎರಡರಲ್ಲೂ ಕಂಪೈಲರ್ ನೇರವಾಗಿ ಯಂತ್ರಭಾಷೆ ಕೊಡುವುದಿಲ್ಲ, ನಡುವಿನ ಒಂದು ಸಂಕೇತಭಾಷೆ ಕೊಡುತ್ತದೆ. ಓಡುವಾಗ ಜಿಟ್ ಕಂಪೈಲರ್ ಅದನ್ನು ಯಂತ್ರಭಾಷೆಗೆ ತಿರುಗಿಸುತ್ತದೆ. ಬಳಕೆ ಮುಗಿದ ಮೆಮೊರಿಯನ್ನು ಗಾರ್ಬೇಜ್ ಕಲೆಕ್ಟರ್ ತೆರವು ಮಾಡುತ್ತದೆ. ಕಪ್ಪುಹಲಗೆಯ ಕೋಷ್ಟಕ ಚೆನ್ನಾಗಿ ಹೊಂದಿಕೊಂಡಿತು. ಆ ಹುರುಪಿನಲ್ಲಿ "ಹೆಸರು ಎರಡು, ಕೆಲಸ ಒಂದೇ" ಎಂದುಬಿಟ್ಟೆ.

ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಸಂಖ್ಯೆಗಳ ಲಿಸ್ಟ್, ಪದಗಳ ಲಿಸ್ಟ್ ಅಂತ ಬೇರೆ ಬೇರೆ ಬರೀತೀವಲ್ಲ, ಓಡೋವಾಗ ಅದು ಮಷೀನ್‌ಗೆ ಗೊತ್ತಿರುತ್ತಾ?" ಎರಡಕ್ಕೂ ಗೊತ್ತಿರುತ್ತದೆ ಎಂದೆ. ಪರೀಕ್ಷಿಸಿ ನೋಡದೆ ಕೊಟ್ಟ ಉತ್ತರ.

ಮರುದಿನ ಲ್ಯಾಬ್‌ನಲ್ಲಿ ಎಲ್ಲರೆದುರೇ ಓಡಿಸಿದೆ. ಜಾವಾದಲ್ಲಿ ಒಂದು ಇಂಟಿಜರ್ ಅರೇಲಿಸ್ಟ್, ಒಂದು ಸ್ಟ್ರಿಂಗ್ ಅರೇಲಿಸ್ಟ್. ಎರಡರ ಕ್ಲಾಸ್ ಒಂದೆಯೇ ಎಂದು ಕೇಳಿದರೆ ಟ್ರೂ. ಸಿ ಶಾರ್ಪ್‌ನಲ್ಲಿ ಅದೇ ಪ್ರಶ್ನೆಗೆ ಫಾಲ್ಸ್. ನಿನ್ನೆ ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡು ಪಾಠವನ್ನು ಅಲ್ಲಿಂದಲೇ ಮತ್ತೆ ಶುರುಮಾಡಿದೆ.

ಅಡುಗೆಮನೆಯ ಸ್ಟೀಲ್ ಡಬ್ಬಿಗಳ ಉದಾಹರಣೆ ಕೊಟ್ಟೆ. ಜಾವಾ ಕಂಪೈಲರ್ ಡಬ್ಬಿಯ ಚೀಟಿ ನೋಡಿ, ಬೇಳೆ ಡಬ್ಬಿಗೆ ಸಕ್ಕರೆ ಹಾಕಲು ಬಿಡುವುದಿಲ್ಲ. ತಪಾಸಣೆ ಮುಗಿದ ಮೇಲೆ ಚೀಟಿ ಕಿತ್ತುಹಾಕುತ್ತದೆ. ಸಿಎಲ್‌ಆರ್‌ನಲ್ಲಿ ಚೀಟಿ ಕೊನೆಯವರೆಗೂ ಇರುತ್ತದೆ.

ಇದು ಜಾವಾದ ದಡ್ಡತನವೇನಲ್ಲ. 2004ರಲ್ಲಿ ಜಾವಾ 5 ಜೊತೆ ಜೆನೆರಿಕ್ಸ್ ಬರುವ ಹೊತ್ತಿಗೆ ಚೀಟಿಯಿಲ್ಲದ ಹಳೆಯ ಲಿಸ್ಟ್‌ಗಳನ್ನು ಬಳಸುವ ಕೋಡ್ ರಾಶಿಯಿತ್ತು. ಹಳತು ಹೊಸತು ಕೂಡಿಯೇ ಓಡಬೇಕಿತ್ತು. ಡಾಟ್ ನೆಟ್ 2005ರಲ್ಲಿ ಯಂತ್ರವನ್ನೇ ತಿದ್ದಿ, ಹಳೆಯ ಅರೇಲಿಸ್ಟನ್ನು ಅದರ ಪಾಡಿಗೆ ಬಿಟ್ಟು, ಹೊಸ ಲಿಸ್ಟನ್ನು ಪಕ್ಕದಲ್ಲಿ ತಂದಿತು. ಅದಕ್ಕೆ ಆಗಿನ್ನೂ ಮೂರೇ ವರ್ಷ. ಜಾವಾಕ್ಕಿದ್ದಷ್ಟು ಹಳೆಯ ಹೊರೆ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಇನ್ನೊಂದು ತಪ್ಪು ಗುರುತಿಸಿದ್ದರು: ಹಲಗೆಯ ಮೇಲೆ ಜಾವಾ ಲಿಸ್ಟ್‌ನೊಳಗೂ ಇಂಟ್ ಎಂದೇ ಬರೆದಿದ್ದೆ. ಜಾವಾ ಅದನ್ನು ಒಪ್ಪುವುದಿಲ್ಲ; ಪ್ರತಿ ಸಂಖ್ಯೆಯನ್ನೂ ಇಂಟಿಜರ್ ಎಂಬ ವಸ್ತುವಿನಲ್ಲಿ ಸುತ್ತಿ ಇಡಬೇಕು. ಸಿ ಶಾರ್ಪ್ ಲಿಸ್ಟ್ ಇಂಟನ್ನು ಬರಿದೇ ಇಟ್ಟುಕೊಳ್ಳುತ್ತದೆ. ಮುಂದಿನ ಪಾಠಯೋಜನೆಯಲ್ಲಿ ಕೋಷ್ಟಕ ಬಿಟ್ಟು ಈ ಸಾಲಿನಿಂದಲೇ ಆರಂಭಿಸುತ್ತಿದ್ದೇನೆ.