ಜೀಪಿಗೆ ಬೆಲೆ ಕಟ್ಟುವುದು ಆರ್‌ಸಿ ಪುಸ್ತಕ

ನನ್ನ ಹೈ ಬಾನೆಟ್ ಜೀಪ್ 4,65,000 ರೂಪಾಯಿಗೆ ಹೋಯಿತು. ಅದಕ್ಕೆ ಹಾಕಿದ್ದು 4,50,000. ಹದಿನೈದು ಸಾವಿರ ಲಾಭವಾಯಿತಂತೆ ಎಂಬ ಮಾತು ಅಲೀಪುರದಿಂದ ತೊಂಡೇಭಾವಿಯವರೆಗೂ ಹರಡಿದೆ. ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ಮೊಬೈಲಿಗೆ ಬಂದ ಸಾಲದ ಮೆಸೇಜ್ ತೋರಿಸಿ, "ಚಾಚಾ, ನಾನೂ ಒಂದು ಹಳೇ ಜೀಪ್ ಎತ್ತಿ ಕಟ್ಟಲಾ? ದುಡ್ಡು ಇವರೇ ಕೊಡ್ತಾರಂತೆ" ಎಂದು ಕೇಳಿದ. ಅವನ ವಯಸ್ಸಿನ ಎಷ್ಟೋ ಹುಡುಗರು ಇದೇ ಪ್ರಶ್ನೆ ಇಟ್ಟುಕೊಂಡಿದ್ದಾರೆ ಎಂದು ಗೊತ್ತಿರುವುದರಿಂದ ಉತ್ತರವನ್ನು ಅಂಕಿಗಳ ಸಮೇತ ಇಲ್ಲೇ ಬರೆಯುತ್ತಿದ್ದೇನೆ. ಲಾಭ ಆಗಿಲ್ಲ. ನನ್ನ ಕೈಯಿಂದ 64,372 ರೂಪಾಯಿ ಹೋಗಿದೆ.

ಜೀಪ್ 1968ರ ಮಾಡೆಲ್. ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ತೆಗೆಯುವ ಮನೆಯ ಹಿತ್ತಲಲ್ಲಿ, ಹುಣಸೆ ಮರದ ಕೆಳಗೆ ನಿಂತಿತ್ತು. ಕೊಂಡದ್ದು 1,35,000ಕ್ಕೆ. ಎಂಜಿನ್ ಕೆಲಸಕ್ಕೆ 78,000, ಗೇರ್ ಬಾಕ್ಸ್, ಡಿಫರೆನ್ಷಿಯಲ್ ಮತ್ತು ಬ್ರೇಕಿಗೆ 52,000, ಟಿಂಕರಿಂಗ್ ಮತ್ತು ಪೇಂಟಿಗೆ 96,000, ಟೈರು, ಬ್ಯಾಟರಿ, ವೈರಿಂಗಿಗೆ 44,000, ಸೀಟು ಮತ್ತು ಹುಡ್‌ಗೆ 21,000, ಸಾಗಾಟ ಹಾಗೂ ಕಾಗದಪತ್ರಕ್ಕೆ 24,000. ಟಿಂಕರಿಂಗೇ ಎಂಜಿನ್‌ಗಿಂತ ಹೆಚ್ಚು ನುಂಗಿತು ಎಂಬುದನ್ನು ಗಮನಿಸಿ. ತಳದ ತಗಡು ತುಕ್ಕು ಹಿಡಿದಿದ್ದರೆ ಎಷ್ಟು ಹಿಡಿದಿದೆ ಎಂಬುದು ಹಳೇ ಬಣ್ಣ ಕೆರೆದ ಮೇಲೆಯೇ ಗೊತ್ತಾಗುವುದು. ಆಗ ಅರ್ಧಕ್ಕೆ ನಿಲ್ಲಿಸಲು ಆಗುವುದಿಲ್ಲ.

ಇಡೀ ಕೆಲಸದಲ್ಲಿ ದೊಡ್ಡ ತೀರ್ಮಾನ ಎಂಜಿನ್‌ನದು. ಈ ಜೀಪಿನಲ್ಲಿರುವುದು ಹರಿಕೇನ್ ಎಂಬ ಪೆಟ್ರೋಲ್ ಎಂಜಿನ್. 2,199 ಸಿಸಿ, ನಾಲ್ಕು ಸಿಲಿಂಡರ್. ಒಳಗೆಳೆಯುವ ವಾಲ್ವ್ ತಲೆಯ ಮೇಲೆ, ಹೊಗೆ ಬಿಡುವ ವಾಲ್ವ್ ಪಕ್ಕದಲ್ಲಿ. ಈ ಎಂಜಿನ್ ಹಳೆಯದಕ್ಕಿಂತ ಎತ್ತರ ಇದ್ದದ್ದರಿಂದಲೇ ವಿಲ್ಲೀಸ್ ಕಂಪನಿ 1953ರಲ್ಲಿ ಸಿಜೆ-3ಬಿ ಮಾದರಿಯ ಬಾನೆಟ್ ಎತ್ತರಿಸಬೇಕಾಯಿತು. ನಮ್ಮಲ್ಲಿ ಮಹೀಂದ್ರಾದವರು ಅದನ್ನೇ ಲೈಸೆನ್ಸ್ ಪಡೆದು ತಯಾರಿಸಿದರು. ಅಂದರೆ ಜನ ಇಷ್ಟಪಡುವ ಆ ಎತ್ತರದ ಮೂತಿ ಬಂದದ್ದೇ ಈ ಎಂಜಿನ್ನಿನಿಂದ.

ಕುಡಿಯುವುದು ಮಾತ್ರ ಜಾಸ್ತಿ. ಗ್ಯಾರೇಜಿನಲ್ಲಿ ಉಸ್ತಾದ್ ಮೊದಲ ದಿನವೇ ಹೇಳಿದರು, "ಇದನ್ನ ಕಿತ್ತು ಹಾಕಿ. ಸೆಕೆಂಡ್ ಹ್ಯಾಂಡ್ ಡೀಸೆಲ್ ಎಂಜಿನ್ ಕೂರಿಸಿ ಕೊಡ್ತೀನಿ, ಅರವತ್ತು ಸಾವಿರದಲ್ಲಿ ಮುಗಿಯುತ್ತೆ, ಮೈಲೇಜ್ ಡಬಲ್." ನಮ್ಮ ಸೀಮೆಯಲ್ಲಿ ಓಡುವ ಹಳೇ ಜೀಪುಗಳಲ್ಲಿ ಹುಟ್ಟು ಎಂಜಿನ್ ಉಳಿಸಿಕೊಂಡಿರುವುದು ಕಡಿಮೆಯೇ. ಪೆಟ್ರೋಲ್ ಎಂಜಿನ್ ಉಳಿಸಿಕೊಳ್ಳಲು ನನಗೆ ಹದಿನೆಂಟು ಸಾವಿರ ಹೆಚ್ಚು ಬಿತ್ತು, ಕ್ರ್ಯಾಂಕ್ ಗ್ರೈಂಡಿಂಗಿಗೆ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಪಿಸ್ಟನ್ ಸೆಟ್ಟಿಗಾಗಿ ಹುಡುಕಾಡಿದೆ. ಗ್ಯಾರೇಜಿನವರೆಲ್ಲ ಇದು ದಂಡದ ಖರ್ಚು ಅಂದರು.

ನಾನು ಹಾಗೆ ಮಾಡಿದ್ದು ಹಳೇ ಎಂಜಿನ್ ಮೇಲಿನ ಮೋಹಕ್ಕಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ನೇರವಾಗಿದೆ. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ಹೊಂದಿಕೆ ತಪ್ಪುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋಗಿದ್ದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಸೇರಿತು. ಅನುಮತಿ ಇಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಹದಿನೈದು ವರ್ಷ ದಾಟಿದ ವಾಹನ ಐದೈದು ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಎದುರು ನಿಲ್ಲಬೇಕು. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಲಘು ವಾಹನಕ್ಕೆ ಆ ನವೀಕರಣದ ಶುಲ್ಕವೇ 10,000 ಆಗಿದೆ. ಪುಸ್ತಕದಲ್ಲಿ ಪೆಟ್ರೋಲ್, ಬಾನೆಟ್ ಎತ್ತಿದರೆ ಡೀಸೆಲ್ ಇದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ.

ಚಿಂತಾಮಣಿಯ ನಮ್ಮ ಸಂಬಂಧಿಕರೊಬ್ಬರು ನನಗಿಂತ ಒಂದು ವರ್ಷ ಮೊದಲು ಜೀಪ್ ಕಟ್ಟಿದರು. ಡೀಸೆಲ್ ಎಂಜಿನ್, ಪವರ್ ಸ್ಟೀರಿಂಗ್, ದಪ್ಪ ಟೈರು, ಮುಂದೆ ಕಬ್ಬಿಣದ ಬಂಪರ್. ನೋಡಲು ನನ್ನದಕ್ಕಿಂತ ನೂರು ಪಾಲು ಚೆಂದ, ಖರ್ಚೂ ನನಗಿಂತ ಹೆಚ್ಚು. ನಂದಿಬೆಟ್ಟದ ರಸ್ತೆಯಲ್ಲಿ ಅದರ ಫೋಟೊ ತೆಗೆಯದವರಿಲ್ಲ. ಮಾರಲು ಹೊರಟಾಗ ಕೊಳ್ಳುವವರು ಒಬ್ಬೊಬ್ಬರೇ ಬಂದರು, ಆರ್‌ಸಿ ನೋಡಿದರು, ಹೋದರು. ಕೊನೆಗೆ ಬಿಡಿಭಾಗದ ಲೆಕ್ಕದಲ್ಲಿ ಶಿವಾಜಿನಗರದ ಗುಜರಿಗೆ ಕೊಟ್ಟು ಕೈ ತೊಳೆದುಕೊಂಡರು. ನನ್ನ ಜೀಪ್ ಕೊಂಡ ಬೆಂಗಳೂರಿನವರು ಬಂದಾಗ ನಾನು ಬಿಲ್ಲುಗಳ ಫೈಲ್ ಮೇಜಿನ ಮೇಲಿಟ್ಟಿದ್ದೆ. ಅವರು ಅದನ್ನು ಮುಟ್ಟಲಿಲ್ಲ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು, ಎಂಜಿನ್ ನಂಬರ್ ಓದಿದರು, ಎರಡನ್ನೂ ಆರ್‌ಸಿಗೆ ತಾಳೆ ನೋಡಿದರು. ರೇಟು ಮಾತಾಡಲು ಕೂತದ್ದು ಆಮೇಲೆ.

ನಮ್ಮದು ಹರಳಿನ ವ್ಯಾಪಾರದ ಊರು, ಇಲ್ಲಿ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು ಕೊಳ್ಳುವವನು ಬಣ್ಣ, ಬಿರುಕು, ತೂಕ ನೋಡುತ್ತಾನೆಯೇ ಹೊರತು ಅದನ್ನು ಸಾಣೆ ಹಿಡಿಯಲು ನೀವು ಎಷ್ಟು ಕೂಲಿ ಕೊಟ್ಟಿರಿ ಎಂದು ಕೇಳುವುದಿಲ್ಲ.

ಯೂಟ್ಯೂಬಿನಲ್ಲಿ ಅಮೆರಿಕದ ಹಾಟ್ ರಾಡ್ ನೋಡಿ ಹುಚ್ಚೇಳುವ ಹುಡುಗರಿಗೆ ಒಂದು ಮಾತು. 1932ರ ಫೋರ್ಡ್ ವಿ8 ಕಾರುಗಳ ಮಡ್‌ಗಾರ್ಡ್ ಕಿತ್ತು, ಎಂಜಿನ್ ತಿದ್ದಿ ಕ್ಯಾಲಿಫೋರ್ನಿಯಾದ ಒಣ ಕೆರೆಗಳಲ್ಲಿ ಓಡಿಸಿದವರಿಂದ ಆ ಹವ್ಯಾಸ ಬೆಳೆಯಿತು. 1951ರಲ್ಲಿ ಅವರದೇ ರಾಷ್ಟ್ರೀಯ ಸಂಘವೂ ಹುಟ್ಟಿತು. ಅಲ್ಲಿಯ ಹಲವು ರಾಜ್ಯಗಳು ಇಂಥ ಕಾರುಗಳನ್ನು ಪ್ರತ್ಯೇಕ ವರ್ಗದಲ್ಲಿ ನೋಂದಾಯಿಸುತ್ತವೆ, ಹಾಗಾಗಿ ಮಾರ್ಪಾಡಿಗೇ ಬೆಲೆ ಬರುತ್ತದೆ. ನಮ್ಮ ಕಾನೂನು ಬೆಲೆ ಕೊಡುವುದು ಮೂಲ ಸ್ಥಿತಿಗೆ. 2021ರ ವಿಂಟೇಜ್ ನಿಯಮವೂ ಅದನ್ನೇ ಹೇಳುತ್ತದೆ. ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷದ ನೋಂದಣಿ, ನಂಬರಿನಲ್ಲಿ 'ವಿಎ' ಎಂಬ ಅಕ್ಷರ. ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧ. 1500 ಸಿಸಿ ಮೀರಿದ ಖಾಸಗಿ ಕಾರಿಗೆ 2022ರ ದರ 7,897 ಇರುವಾಗ ಅದು ಸಣ್ಣ ಉಳಿತಾಯವಲ್ಲ. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗೌರಿಬಿದನೂರಿನ ಸಂತೆಗೂ ಹೋಗಿಬರಬೇಕು ಅನ್ನುವವರಿಗೆ ಅದು ಸರಿಬರದು, ನಾನೂ ಮಾಡಿಸಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೊಂಡಾಗಿನಿಂದ ಮಾರುವ ತನಕ ಎರಡೂವರೆ ವರ್ಷ. ಮೊದಲು ಕೊಟ್ಟ 1,35,000 ಆ ಎರಡೂವರೆ ವರ್ಷವೂ ಜೀಪಿನಲ್ಲೇ ಸಿಕ್ಕಿಕೊಂಡಿತ್ತು. ಎಫ್‌ಡಿಯಲ್ಲಿ ಶೇಕಡಾ 7ರ ಸರಳ ಬಡ್ಡಿ ಹಿಡಿದರೂ 23,625 ಬರಬೇಕಿತ್ತು. ಉಳಿದ 3,15,000 ಒಂದೇ ಸಲ ಹೋದದ್ದಲ್ಲ, ಸ್ವಲ್ಪ ಸ್ವಲ್ಪವೇ ಹೋಯಿತು. ಅದರಲ್ಲಿ 1,50,000 ಸಾಲದ್ದು, 1,65,000 ನನ್ನದು. ನನ್ನ ಪಾಲು ಸರಾಸರಿ ಒಂದೂಕಾಲು ವರ್ಷ ಸಿಕ್ಕಿಕೊಂಡಿತ್ತು ಎಂದು ಹಿಡಿದರೆ 14,437. ಎರಡೂ ಸೇರಿ 38,062. ಲಾಭ ಅನ್ನುವ ಹದಿನೈದು ಸಾವಿರ ಇಲ್ಲಿಗೇ ಮುಳುಗಿತು, ಸಾಲದ ಮಾತು ಇನ್ನೂ ಬಂದಿಲ್ಲ.

ಸಾಲ 1,50,000, ಎರಡು ವರ್ಷಕ್ಕೆ. ಬಡ್ಡಿ 'ಫ್ಲಾಟ್ 12 ಪರ್ಸೆಂಟ್'. ವರ್ಷಕ್ಕೆ 18,000ದಂತೆ 36,000. ಅಸಲು ಬಡ್ಡಿ ಸೇರಿ 1,86,000, ತಿಂಗಳಿಗೆ 7,750 ಕಂತು. ಪ್ರೋಸೆಸಿಂಗ್ ಫೀ ಶೇಕಡಾ 3, ಅಂದರೆ 4,500, ಅದರ ಮೇಲೆ ಜಿಎಸ್‌ಟಿ 810. ಸಾಲದ ಒಟ್ಟು ವೆಚ್ಚ 41,310. ಇದಕ್ಕೆ 38,062 ಸೇರಿಸಿದರೆ 79,372. ಹದಿನೈದು ಸಾವಿರ ಕಳೆದರೆ ನಾನು ಮೊದಲೇ ಹೇಳಿದ 64,372. ಕಂತಾಗಿ ಕಟ್ಟಿದ ಹಣಕ್ಕೆ ಬಡ್ಡಿ ಹಾಕಿಲ್ಲ, ಭಾನುವಾರಗಳಲ್ಲಿ ನಾನೇ ಸ್ಪ್ಯಾನರ್ ಹಿಡಿದದ್ದಕ್ಕೆ ಕೂಲಿಯನ್ನೂ ಹಾಕಿಲ್ಲ.

ಈ ಫ್ಲಾಟ್ ಎಂಬ ಪದ್ಧತಿಯ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ. ಮೊದಲ ಕಂತು ಕಟ್ಟಿದಾಗಲೇ ಅಸಲು ಇಳಿಯಲು ಶುರುವಾಗುತ್ತದೆ. ವರ್ಷದ ಕೊನೆಗೆ ಅಸಲಿನ ಅರ್ಧದ ಹತ್ತಿರ ತೀರಿರುತ್ತದೆ. ಆದರೂ ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ ಒಂದೂವರೆ ಲಕ್ಷದ ಮೇಲೆಯೇ. ಇಳಿಯುವ ಅಸಲಿನ ಲೆಕ್ಕದಲ್ಲಿ ನೋಡಿದರೆ ಈ ಹನ್ನೆರಡು ಶೇಕಡಾ 21.6 ಆಗುತ್ತದೆ. ಕೈಗೆ ಬಂದದ್ದು 1,44,690 ಮಾತ್ರ ಎಂದು ಹಿಡಿದರೆ 25 ದಾಟುತ್ತದೆ. ಹನ್ನೆರಡು ಎಂದು ಹೇಳಿ ಇಪ್ಪತ್ತೈದು ವಸೂಲು ಮಾಡುವುದಕ್ಕೆ ಸಾಲ ಎನ್ನಬೇಕೇ? ನಾನು ಸಾಲ ಪಡೆದಾಗ ಎಲ್ಲ ಸಾಲಗಳಿಗೂ ಒಂದೇ ನಮೂನೆಯ ವಿವರಪಟ್ಟಿ ಕೊಡುವ ಕಡ್ಡಾಯವಿರಲಿಲ್ಲ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಹೊಸ ರಿಟೇಲ್ ಸಾಲಗಳಿಗೆಲ್ಲ ಅದನ್ನು ಕಡ್ಡಾಯ ಮಾಡಿದೆ. ಅದರಲ್ಲಿ ಎಪಿಆರ್ ಎಂಬ ಒಂದು ಅಂಕಿ ಇರುತ್ತದೆ, ಅಂದರೆ ಫೀ ಎಲ್ಲ ಸೇರಿಸಿ ಲೆಕ್ಕ ಹಾಕಿದ ವಾರ್ಷಿಕ ದರ. ಏಜೆಂಟ್ ಬಾಯಲ್ಲಿ ಏನೇ ಹೇಳಲಿ, ನೀವು ಓದಬೇಕಾದದ್ದು ಆ ಅಂಕಿಯನ್ನು. ಅದನ್ನು ತೋರಿಸಲು ಮೀನಮೇಷ ಎಣಿಸುವವರ ಹತ್ತಿರ ಕೂರಲೇ ಬೇಡಿ.

ಚಿನ್ನದ ಸಾಲ ಇದಕ್ಕಿಂತ ಅಗ್ಗ. ಅದಕ್ಕಿಂತಲೂ ಅಗ್ಗದ ದಾರಿ ಇತ್ತು. ಅದೇ 7,750ನ್ನು ಮೊದಲೇ ಆರ್‌ಡಿಗೆ ಹಾಕಿದ್ದರೆ ಹತ್ತೊಂಬತ್ತು ತಿಂಗಳಲ್ಲಿ 1,55,000 ದಾಟುತ್ತಿತ್ತು. ಅಷ್ಟು ದಿನ ಜೀಪ್ ಸುಮ್ಮನೆ ನಿಲ್ಲಬೇಕಲ್ಲ ಅನ್ನುತ್ತೀರಿ. ಹೇಗೂ ನಿಂತೇ ಇತ್ತು. ಕ್ರ್ಯಾಂಕ್ ಲೇತಿನಲ್ಲಿ, ಬಾಡಿ ಟಿಂಕರಿಂಗಿನವರ ಶೆಡ್ಡಿನಲ್ಲಿ, ಆಕ್ಸಲ್ ಇಟ್ಟಿಗೆಗಳ ಮೇಲೆ. ಹಳೇ ವಾಹನದ ಕೆಲಸದಲ್ಲಿ ಕಾಯುವುದೇ ಹೆಚ್ಚು, ಬಿಡಿಭಾಗ ಸಿಗದೆ ತಡವಾಗುತ್ತದೆ, ಕೆಲಸಗಾರರು ಸಿಗದೆ ತಡವಾಗುತ್ತದೆ. ಸಾಲ ತಂದದ್ದರಿಂದ ಕೆಲಸ ಬೇಗ ಮುಗಿಯಲಿಲ್ಲ, ಸುಮ್ಮನೆ ನಿಂತ ಜೀಪಿಗೂ ಬಡ್ಡಿ ಓಡಿತು ಅಷ್ಟೆ.

ನಮ್ಮ ಹುಡುಗರ ಖರ್ಚಿನ ರೀತಿ ನೋಡಿದರೆ ನನಗೆ ಸಂಕಟವಾಗುತ್ತದೆ. ಗ್ಯಾರೇಜಿಗೆ ಹೋದಾಗಲೆಲ್ಲ ಫೋನ್‌ಪೇಯಲ್ಲಿ ಎಂಟುನೂರು, ಸಾವಿರದಿನ್ನೂರು. ಯಾವುದಕ್ಕೂ ಚೀಟಿ ಇಲ್ಲ, ಬರೆದಿಡುವುದಿಲ್ಲ. ಆರು ತಿಂಗಳಾದ ಮೇಲೆ ಎಷ್ಟು ಹೋಯಿತು ಕೇಳಿದರೆ ಆಕಾಶ ನೋಡುತ್ತಾರೆ. ಒಂದು ನೋಟ್‌ಬುಕ್ಕಿಗೆ ನಲವತ್ತು ರೂಪಾಯಿ. ದಿನಾಂಕ, ವಸ್ತು, ಕೊಟ್ಟ ಹಣ, ಮೂರೇ ಕಾಲಂ ಸಾಕು. ರಾತ್ರಿ ಮಲಗುವ ಮುಂಚೆ ಬರೆದು ಮಲಗಿ. ಬರೆಯುತ್ತಾ ಹೋದರೆ ಮೂರನೇ ತಿಂಗಳಿಗೆ ಬೇಡದ ಬಂಪರ್, ಬೇಡದ ಲೈಟು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಮನೆಯಲ್ಲಿ ಹೆಂಡತಿಗೋ ತಾಯಿಗೋ ಆ ಪುಸ್ತಕ ತೋರಿಸುವ ಅಭ್ಯಾಸವಿಟ್ಟುಕೊಳ್ಳಿ. ಮುಚ್ಚಿಟ್ಟು ಮಾಡುವ ಖರ್ಚು ಹವ್ಯಾಸವಾಗಿ ಉಳಿಯುವುದಿಲ್ಲ, ಚಟವಾಗುತ್ತದೆ. ಜೀಪ್ ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ನಿಂತುಹೋಗಿದ್ದ ಎಂಜಿನ್ ಎಷ್ಟೋ ವರ್ಷದ ಮೇಲೆ ಮೊದಲ ಸಲ ಹತ್ತಿಕೊಂಡಾಗ ಆಗುವ ಸಂತೋಷ ದೊಡ್ಡದು, ನಾನು ಅದಕ್ಕೆ ಹಣ ಕೊಟ್ಟೆ. ಆ ಸಂತೋಷವನ್ನು ಹೂಡಿಕೆ ಎಂದು ಕರೆಯಬೇಡಿ, ಕರೆದು ಸಾಲ ತರಬೇಡಿ.

ಮಾರುವವರಿಗೆ ಇನ್ನು ಕೆಲವು ಮಾತು. ಕೊಳ್ಳುವವರು ಕಂತೆ ನೋಟು ತಂದರೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳಬೇಡಿ. ಆದಾಯ ತೆರಿಗೆ ಕಾನೂನಿನ ಪ್ರಕಾರ ದಂಡ ಬೀಳುವುದು ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತ. ನನಗೆ ಪೂರ್ತಿ ಹಣ ಆರ್‌ಟಿಜಿಎಸ್‌ನಲ್ಲಿ ಬಂತು. ಸ್ವಂತಕ್ಕೆ ಬಳಸಿದ ವಾಹನ ಮಾರಿದರೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ ಎಂಬುದು ನಿಜ. ಆದರೆ ಬಳಸಿದ್ದಕ್ಕೆ ಪುರಾವೆ ಬೇಕು. 1931ರ ಫೋರ್ಡ್ ಕಾರನ್ನು 1983ರಲ್ಲಿ 20,000ಕ್ಕೆ ಕೊಂಡು 21 ಲಕ್ಷಕ್ಕೆ ಮಾರಿದ ಒಬ್ಬರು ಈ ಪುರಾವೆ ಕೊಡಲಾಗದೆ 2025ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಸೋತರು. ಪೆಟ್ರೋಲ್ ಬಿಲ್ಲು, ಇನ್ಶೂರೆನ್ಸ್, ಸರ್ವಿಸ್ ಚೀಟಿಗಳನ್ನು ಮಾರಿದ ಮೇಲೂ ಇಟ್ಟುಕೊಳ್ಳಿ. ಒಂದರ ಹಿಂದೆ ಒಂದರಂತೆ ಕಟ್ಟಿ ಮಾರುವವರಾದರೆ ಅದು ವ್ಯಾಪಾರ, ಆದಾಯವೆಂದೇ ತೋರಿಸಬೇಕು.

ಫಾರಂ 29, 30ಕ್ಕೆ ಸಹಿ ಹಾಕಿಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಆರ್‌ಸಿಯಲ್ಲಿ ಹೆಸರು ಯಾರದಿದೆಯೋ ಅಪಘಾತದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಡುವೆ ಎಷ್ಟು ಜನರ ಕೈ ಬದಲಾಗಿದ್ದರೂ ಅಷ್ಟೇ. ಜೀಪ್ ಕೊಟ್ಟ ಮೇಲೆ ಬ್ರೋಕರ್ ಮಾತು ನಂಬಿ ಕೂರದೆ, ಪರಿವಾಹನ್‌ನಲ್ಲಿ ನಂಬರ್ ಹಾಕಿ ಮಾಲೀಕರ ಹೆಸರು ಬದಲಾಗಿದೆಯೇ ಎಂದು ನೀವೇ ನೋಡಿ. ಬದಲಾಗಿಲ್ಲವಾದರೆ ಮರುದಿನವೇ ಆರ್‌ಟಿಒ ಕಚೇರಿಗೆ ಹೋಗಿ.