ದಿಗ್ಬಂಧನದ ದಿನಗಳ ಮರುನೋಟ: ಹಳೆಯ ದೃಶ್ಯಪಠ್ಯಗಳು ಮತ್ತು ಕನ್ನಡದ ಆಕರಪ್ರಜ್ಞೆ

ಕೃತಿಯೊಂದು ತನ್ನ ಗುಣದಿಂದ ಮಾತ್ರವೇ ಅಭಿಜಾತವೆನಿಸಿಕೊಳ್ಳುವುದಿಲ್ಲ. ಅದನ್ನು ಕಾಪಿಟ್ಟವರು, ಪ್ರತಿ ಮಾಡಿದವರು, ಮತ್ತೆ ಮತ್ತೆ ಓದಿಸಿದವರು ಎಲ್ಲರೂ ಸೇರಿ ಅದಕ್ಕೆ ಆ ಸ್ಥಾನವನ್ನು ದೊರಕಿಸಿಕೊಡುತ್ತಾರೆ. ಈ ಮಾತು ಕನ್ನಡ ವಿದ್ವತ್ ಲೋಕಕ್ಕೆ ಹೊಸದಲ್ಲ. 'ಕವಿರಾಜಮಾರ್ಗ'ವು ಹೆಸರಿಸುವ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರ ಕೃತಿಗಳು ದೊರೆತಿಲ್ಲ, ಹೆಸರುಗಳಷ್ಟೇ ಉಳಿದಿವೆ. ಓಲೆಗರಿಯ ಕಾಲದ ಈ ನಷ್ಟವನ್ನು ಕುರಿತು ಆಳವಾಗಿ ಯೋಚಿಸಿರುವ ಕನ್ನಡ ಅಧ್ಯಯನವು, ತನ್ನ ಕಣ್ಣೆದುರಿನ ಇಪ್ಪತ್ತನೆಯ ಶತಮಾನದ ದೃಶ್ಯಪಠ್ಯಗಳ ಅಳಿವು ಉಳಿವಿನ ಬಗೆಗೆ ಅಷ್ಟೇ ಗಂಭೀರವಾಗಿ ಯೋಚಿಸಿದಂತೆ ಕಾಣುವುದಿಲ್ಲ. 2020ರ ಕೊರೊನಾ ದಿಗ್ಬಂಧನದ ಅವಧಿಯಲ್ಲಿ ಜನರು ಮನೆಯೊಳಗೇ ಉಳಿದು ಹಳೆಯ ಚಲನಚಿತ್ರ, ಧಾರಾವಾಹಿಗಳನ್ನು ಮತ್ತೆ ನೋಡಿದ ಪ್ರಸಂಗವು ಈ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತು. ನೋಡಲು ಬಿಡುವಿತ್ತು, ಆದರೆ ನೋಡಲು ದೊರೆತದ್ದು ಏನು, ದೊರೆಯದೆ ಹೋದದ್ದು ಏನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಶಿವನಿಯ ನೆಲೆಯಿಂದ

ದೃಶ್ಯಮಾಧ್ಯಮದ ಚರ್ಚೆಗಳು ಸಾಮಾನ್ಯವಾಗಿ ಮಹಾನಗರದ ನೋಡುಗನನ್ನು ಕೇಂದ್ರದಲ್ಲಿ ಇರಿಸಿಕೊಳ್ಳುತ್ತವೆ. ಅದಕ್ಕೆ ಬದಲಾಗಿ ಚಿಕ್ಕಮಗಳೂರು ಜಿಲ್ಲೆಯ ಶಿವನಿಯಂಥ ಊರನ್ನು ನೆಲೆಯಾಗಿ ಇರಿಸಿಕೊಂಡರೆ ಚರ್ಚೆಯ ಸ್ವರೂಪವೇ ಬದಲಾಗುತ್ತದೆ. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಅಜ್ಜಂಪುರ ತಾಲ್ಲೂಕಿನಲ್ಲಿರುವ ಈ ಊರು ಬೀರೂರು–ಚಿಕ್ಕಜಾಜೂರು ರೈಲುಮಾರ್ಗದ ಒಂದು ನಿಲ್ದಾಣ. ಮಲೆನಾಡಿನ ಅಂಚು ಮುಗಿದು ಬಯಲುಸೀಮೆ ತೆರೆದುಕೊಳ್ಳುವ ಈ ಭಾಗದಲ್ಲಿ ಬಯಲಾಟ, ಟೂರಿಂಗ್ ಟಾಕೀಸು, ನೆರೆಮನೆಯ ದೂರದರ್ಶನ, ಸ್ವಂತ ಮನೆಯ ಡಿಶ್, ಕೊನೆಗೆ ಕೈಯೊಳಗಿನ ಮೊಬೈಲು ಎಂಬ ಅನುಕ್ರಮದಲ್ಲಿ ದೃಶ್ಯಕಥನದ ಮಾಧ್ಯಮಗಳು ಒಂದರ ಮೇಲೊಂದು ಬಂದು ಕೂತಿವೆ. ನಾಡಿನ ಅಸಂಖ್ಯ ಹೋಬಳಿ ಊರುಗಳ ಅನುಭವವೂ ಇದೇ ಆಗಿದೆ.

2020ರ ಮಾರ್ಚ್ 25ರಿಂದ ದೇಶವ್ಯಾಪಿ ದಿಗ್ಬಂಧನ ಜಾರಿಗೆ ಬಂದಿತು. ಪ್ರಯಾಣಿಕರ ರೈಲುಗಳು ಸ್ತಬ್ಧಗೊಂಡವು. ರೈಲಿನ ಮೂಲಕ ಹೊರಲೋಕದೊಡನೆ ಸಂಬಂಧವಿರಿಸಿಕೊಂಡಿದ್ದ ಊರುಗಳಿಗೆ ಈಗ ಉಳಿದದ್ದು ಪರದೆಯ ಸಂಬಂಧ ಮಾತ್ರ. ಆ ಪರದೆಯ ಮೇಲೆ ಏನು ಮೂಡಬೇಕೆಂಬುದನ್ನು ಊರು ನಿರ್ಧರಿಸುತ್ತಿರಲಿಲ್ಲ ಎಂಬುದೇ ಗಮನಿಸಬೇಕಾದ ಅಂಶ.

ಮರುಪ್ರಸಾರದ ಆಯ್ಕೆಗಳು

ಮಾರ್ಚ್ 28ರಿಂದ ದೂರದರ್ಶನವು ರಮಾನಂದ ಸಾಗರರ 'ರಾಮಾಯಣ'ವನ್ನೂ ಬಿ.ಆರ್. ಚೋಪ್ರಾ ನಿರ್ಮಾಣದ 'ಮಹಾಭಾರತ'ವನ್ನೂ ಮರುಪ್ರಸಾರ ಮಾಡತೊಡಗಿತು. ಮೊದಲನೆಯದು 1987–88ರಲ್ಲಿ, ಎರಡನೆಯದು 1988–90ರಲ್ಲಿ ಮೊದಲ ಬಾರಿಗೆ ಪ್ರಸಾರವಾಗಿದ್ದವು. ಮೊದಲ ಪ್ರಸಾರದ ಕಾಲದಲ್ಲಿ ಟಿ.ವಿ. ಇದ್ದ ಒಂದು ಮನೆ ಭಾನುವಾರದ ಬೆಳಿಗ್ಗೆ ಓಣಿಯ ಸಭೆಯಾಗುತ್ತಿತ್ತು. ಹಿಂದಿ ಬಾರದವರೂ ಕಥೆ ಬಲ್ಲವರಾದ್ದರಿಂದ ನೋಡುತ್ತಿದ್ದರು. ಬಲ್ಲವರು ಬಾರದವರಿಗೆ ಅರ್ಥ ಹೇಳುತ್ತಿದ್ದರು. ಗಮಕ ವಾಚನದಲ್ಲಿ ವ್ಯಾಖ್ಯಾನಕಾರ ಮಾಡುವ ಕೆಲಸವನ್ನೇ ಅಲ್ಲಿ ನೆರೆಹೊರೆಯವರು ಮಾಡುತ್ತಿದ್ದರು ಎನ್ನಬಹುದು. 2020ರಲ್ಲಿ ಅದೇ ಪಠ್ಯ ಮರಳಿತು, ಸಭೆ ಮರಳಲಿಲ್ಲ. ಜನ ಗುಂಪುಗೂಡುವುದೇ ನಿಷಿದ್ಧವಾಗಿದ್ದ ಕಾಲದಲ್ಲಿ ಸಾಮುದಾಯಿಕ ನೋಟವು ಕೌಟುಂಬಿಕ ನೋಟವಾಗಿ ಕುಗ್ಗಿತು. ವ್ಯಾಖ್ಯಾನದ ಸ್ಥಾನವನ್ನು ಅಜ್ಜಿ, ತಾತಂದಿರ ನೆನಪು ತುಂಬಬೇಕಾಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ಖಾಸಗಿ ವಾಹಿನಿಯೊಂದು 2013ರ ಹಿಂದಿ 'ಮಹಾಭಾರತ'ವನ್ನು ಕನ್ನಡಕ್ಕೆ ಡಬ್ ಮಾಡಿ ಪ್ರಸಾರ ಮಾಡಿತು. ಜುಲೈಯಲ್ಲಿ ಅಂಬೇಡ್ಕರರ ಜೀವನವನ್ನು ಕುರಿತ 'ಮಹಾನಾಯಕ' ಡಬ್ಬಿಂಗ್ ರೂಪದಲ್ಲಿ ಆರಂಭವಾಗಿ, ಹಲವು ಹಳ್ಳಿಗಳಲ್ಲಿ ಅದರ ಫ್ಲೆಕ್ಸುಗಳು ಎದ್ದು ನಿಂತವು. 1960ರ ದಶಕದಿಂದ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮೊದಲಾದವರು ಕಟ್ಟಿದ ಡಬ್ಬಿಂಗ್ ವಿರೋಧಿ ನಿಲುವಿಗೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶದಿಂದ ಕಾನೂನಿನ ಪೆಟ್ಟು ಬಿದ್ದಿತ್ತು. ಆದರೆ ಮನೆಮನೆಯ ಒಪ್ಪಿಗೆ ದೊರೆತದ್ದು ದಿಗ್ಬಂಧನದ ವರ್ಷದಲ್ಲಿ. ಧಾರಾವಾಹಿಗಳ ಚಿತ್ರೀಕರಣ ನಿಂತು ವಾಹಿನಿಗಳಿಗೆ ಹೊಸ ಕಂತುಗಳ ಕೊರತೆಯಾದುದು ಇದಕ್ಕೆ ತತ್‌ಕ್ಷಣದ ಕಾರಣ. ಇಲ್ಲಿ ಭಾಷಿಕವಾದ ಒಂದು ವೈಚಿತ್ರ್ಯವನ್ನೂ ಗುರುತಿಸಬೇಕು. ಡಬ್ ಆದ ಪೌರಾಣಿಕ ಧಾರಾವಾಹಿಗಳ ಪಾತ್ರಗಳು ಆಡುವ ಗ್ರಾಂಥಿಕ ಕನ್ನಡವು ವೃತ್ತಿನಾಟಕ ಕಂಪನಿಗಳಿಂದ ಹಿಡಿದು 1977ರ 'ಬಭ್ರುವಾಹನ'ದಂಥ ಚಿತ್ರಗಳವರೆಗೆ ಹರಿದುಬಂದ ಭಾಷಾಶೈಲಿಯ ಮುಂದುವರಿಕೆ. ಕನ್ನಡದ್ದೇ ಪೌರಾಣಿಕ ಚಿತ್ರಗಳು ವಿರಳವಾದ ಕಾಲದಲ್ಲಿ ಆ ಶೈಲಿ ಅನುವಾದದ ಮೂಲಕ ಮನೆಗೆ ಮರಳಿತು.

ಮಾಲ್ಗುಡಿಯ ಸುತ್ತುದಾರಿ

ಇದಕ್ಕಿಂತ ಹೆಚ್ಚು ಚಿಂತನೆಗೆ ಹಚ್ಚುವುದು 'ಮಾಲ್ಗುಡಿ ಡೇಸ್' ಧಾರಾವಾಹಿಯ ಪ್ರಸಂಗ. ಆರ್.ಕೆ. ನಾರಾಯಣರ ಇಂಗ್ಲಿಷ್ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ 1980ರ ದಶಕದ ನಡುವೆ ನಿರ್ದೇಶಿಸಿದ ಈ ಧಾರಾವಾಹಿಯ ಬಹುಭಾಗ ಚಿತ್ರೀಕರಣಗೊಂಡದ್ದು ಆಗುಂಬೆಯಲ್ಲಿ. ಅದರ ರೈಲು ನಿಲ್ದಾಣವಾಗಿ ಕಾಣಿಸಿಕೊಂಡದ್ದು ಹೊಸನಗರ ತಾಲ್ಲೂಕಿನ ಅರಸಾಳು. ಬೀರೂರಿನಲ್ಲಿ ಕವಲೊಡೆಯುವ ಹಳಿಗಳಲ್ಲಿ ಒಂದು ಅಜ್ಜಂಪುರ, ಶಿವನಿಗಳ ಕಡೆಗೆ ಸಾಗಿದರೆ ಮತ್ತೊಂದು ತರೀಕೆರೆ, ಶಿವಮೊಗ್ಗಗಳನ್ನು ದಾಟಿ ಅರಸಾಳಿಗೆ ಹೋಗುತ್ತದೆ. ಮಾಸ್ಟರ್ ಮಂಜುನಾಥ್, ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ಅನಂತ್‌ನಾಗ್ ಮೊದಲಾದ ಕನ್ನಡದ ಕಲಾವಿದರು, ಕನ್ನಡದ ನೆಲದಲ್ಲಿ, ಕನ್ನಡದ ನಿರ್ದೇಶಕನ ಕೈಯಲ್ಲಿ ಕಟ್ಟಿದ ಈ ಲೋಕ ಮಾತಾಡಿದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಅದು ಕಿರುತೆರೆಯಲ್ಲಿ ಕನ್ನಡ ಮಾತಾಡಿದ್ದು 2020ರಲ್ಲಿ, ಡಬ್ಬಿಂಗಿನ ಮೂಲಕ. ಬೀರೂರು ಸೀಮೆಯ ನೋಡುಗನಿಗೆ ತನ್ನದೇ ಹಳಿಯ ಮೇಲಿನ ನಿಲ್ದಾಣವು ತನ್ನ ಭಾಷೆಯಲ್ಲಿ ದೊರೆಯಲು ಮೂರು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಡಬ್ಬಿಂಗನ್ನು ಕೇವಲ ಹೊರಗಿನ ಆಕ್ರಮಣವೆಂದು ಕಾಣುವ ನಿಲುವು ಈ ಪ್ರಸಂಗದ ಮುಂದೆ ಅಪೂರ್ಣವೆನಿಸುತ್ತದೆ. ಅದನ್ನು ಹಾಗೆಯೇ ಸ್ವಾಗತಿಸುವ ನಿಲುವೂ ಅಷ್ಟೇ ಅಪೂರ್ಣ. ಏಕೆಂದರೆ ಮರಳಿಬಂದದ್ದು ಮಾತಿನ ಅರ್ಥ ಮಾತ್ರ. 1980ರ ದಶಕದ ಆ ನಟರ ಕಂಠದ ಕನ್ನಡವಲ್ಲ.

ಪ್ಲೇಗಿನ ಎರಡು ಪಠ್ಯಗಳು

ಹಾಗಾದರೆ ಸಾಂಕ್ರಾಮಿಕದ ಕಾಲದಲ್ಲಿ ಓದಬಹುದಾದ, ನೋಡಬಹುದಾದ ಸ್ವಂತ ಪಠ್ಯಗಳು ಕನ್ನಡದಲ್ಲಿ ಇರಲಿಲ್ಲವೆ? ಇದ್ದವು. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ 'ಸಂಸ್ಕಾರ' (1970) ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ಸೀಮೆಯಲ್ಲಿಯೇ ಚಿತ್ರೀಕರಣಗೊಂಡಿತು. ಸೆನ್ಸಾರಿನ ತಡೆಯನ್ನು ದಾಟಿ ಬಂದು ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ನಾರಣಪ್ಪನ ಶವಕ್ಕೆ ಸಂಸ್ಕಾರವಾಗುವವರೆಗೆ ಅಗ್ರಹಾರದವರು ಉಣ್ಣುವಂತಿಲ್ಲ. ಯಾರು ಸಂಸ್ಕಾರ ಮಾಡಬೇಕೆಂಬುದು ತೀರ್ಮಾನವಾಗುವುದಿಲ್ಲ. ಅಷ್ಟರಲ್ಲಿ ಇಲಿಗಳು ಸಾಯತೊಡಗುತ್ತವೆ. ಅಗ್ರಹಾರವೇ ಒಂದು ದಿಗ್ಬಂಧನ. ಕೊರೊನಾ ಕಾಲದಲ್ಲಿ ಸಂಬಂಧಿಕರು ಶವದ ಬಳಿ ಹೋಗಲಾಗದ, ಸಂಸ್ಕಾರದ ಹಕ್ಕು ಮತ್ತು ಭಯಗಳ ನಡುವೆ ಸಿಲುಕಿದ ಸನ್ನಿವೇಶದಲ್ಲಿ ಈ ಚಿತ್ರವನ್ನು ನೋಡುವುದೆಂದರೆ ಅದರ ಧಾರ್ಮಿಕ ವಿಮರ್ಶೆಯ ಹಿಂದಿರುವ ದೇಹದ ಭೀತಿಯನ್ನು ಹೊಸದಾಗಿ ಕಾಣುವುದು. ನವ್ಯ ವಿಮರ್ಶೆಯು ಪ್ರಾಣೇಶಾಚಾರ್ಯರ ಅಸ್ತಿತ್ವದ ಬಿಕ್ಕಟ್ಟಿಗೆ ಕೊಟ್ಟ ಗಮನವನ್ನು ಕೊಳೆಯುತ್ತಿರುವ ಶವಕ್ಕೂ ಸಾಯುತ್ತಿರುವ ಇಲಿಗಳಿಗೂ ಕೊಡಬೇಕೆಂಬ ಒತ್ತಾಯ ಇಂಥ ಮರುನೋಟದಿಂದ ಹುಟ್ಟುತ್ತದೆ.

ಎರಡನೆಯದು ಎಸ್.ಎಲ್. ಭೈರಪ್ಪನವರ 'ಗೃಹಭಂಗ'. 1970ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು 2000ರ ದಶಕದ ಆರಂಭದಲ್ಲಿ ಗಿರೀಶ ಕಾಸರವಳ್ಳಿಯವರು ಧಾರಾವಾಹಿಯಾಗಿಸಿದರು. ಪ್ಲೇಗು ಬಂದಾಗ ಹಳ್ಳಿಯವರು ಮನೆಗಳನ್ನು ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುವುದು, ನಂಜಮ್ಮ ಬೆಳೆದ ಮಕ್ಕಳನ್ನು ಕಳೆದುಕೊಳ್ಳುವುದು ಈ ಕೃತಿಯ ಕರುಳು ಹಿಂಡುವ ಭಾಗ. ಇಲ್ಲಿ ಒಂದು ಮೂಲಭೂತ ವ್ಯತ್ಯಾಸವಿದೆ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುವ ರೋಗವಾದ್ದರಿಂದ ಆಗ ಮನೆಯೇ ಅಪಾಯದ ಸ್ಥಳ. ಬದುಕಲು ಮನೆ ಬಿಡಬೇಕಿತ್ತು. ಕೊರೊನಾ ಮನುಷ್ಯರ ಉಸಿರಿನಿಂದ ಹರಡುವ ರೋಗವಾದ್ದರಿಂದ ಹೊರಗೇ ಅಪಾಯ. ಬದುಕಲು ಮನೆಯೊಳಗೆ ಇರಬೇಕಾಯಿತು. ಹಳೆಯ ಮೈಸೂರು ಸೀಮೆಯ ಹಿರಿಯರ ಮಾತಿನಲ್ಲಿ ಉಳಿದಿದ್ದ 'ಊರು ಬಿಟ್ಟ' ನೆನಪಿಗೂ 2020ರ 'ಮನೆ ಹಿಡಿದ' ಅನುಭವಕ್ಕೂ ನಡುವೆ ಸೇತುವೆಯಾಗಬಲ್ಲ ದೃಶ್ಯಪಠ್ಯ ಇದು. ರಾಮಾಯಣ, ಮಹಾಭಾರತಗಳು ಆ ದಿನಗಳಲ್ಲಿ ಸಾಂತ್ವನ ನೀಡಿದವು, ನಿಜ. ಆದರೆ ರೋಗ, ಭಯ, ಸಾವುಗಳನ್ನು ಕನ್ನಡದ ಅನುಭವದಲ್ಲಿಟ್ಟು ತೋರಿಸಬಲ್ಲ ಪಠ್ಯಗಳನ್ನು ನೋಡುಗನೇ ಹುಡುಕಿಕೊಂಡು ಹೋಗಬೇಕಿತ್ತು.

ಪ್ರತಿ, ಪಾಠಾಂತರ, ಲೋಪ

ಹುಡುಕಿದವನಿಗೆ ದೊರೆಯುವುದಾದರೂ ಎಂಥ ಪ್ರತಿ? ಅಂತರಜಾಲದಲ್ಲಿ ಹರಿದಾಡುವ ಹಳೆಯ ಚಿತ್ರಗಳ ಪ್ರತಿಗಳಲ್ಲಿ ಶೀರ್ಷಿಕೆಯ ಭಾಗ ಕತ್ತರಿಸಿರುವುದು, ಮಾಲೀಕ ಸಂಸ್ಥೆಯ ಮುದ್ರೆ ದೃಶ್ಯದ ಮೂಲೆಯನ್ನು ನುಂಗಿರುವುದು, ಹಾಡುಗಳು ಇಲ್ಲವಾಗಿರುವುದು, ಪರದೆಯ ಅಳತೆಗೆ ಹೊಂದಿಸಲು ಚೌಕಟ್ಟನ್ನು ಹಿಗ್ಗಿಸಿರುವುದು ಸಾಮಾನ್ಯ. ಶೀರ್ಷಿಕೆಯ ಭಾಗ ಹೋದರೆ ಸಂಭಾಷಣಕಾರ, ಸಂಕಲನಕಾರರ ಹೆಸರೂ ಹೋಗುತ್ತದೆ. ಓಲೆಗ್ರಂಥದ ಸಮಾಪ್ತಿ ಗರಿ ಕಳೆದರೆ ಲಿಪಿಕಾರನೂ ಕಾಲವೂ ಕಳೆದುಹೋಗುವುದಕ್ಕೆ ಇದು ಸಮಾನ. ಡಿ.ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ'ಯಲ್ಲಿ ವಿವೇಚಿಸಿದ ಪ್ರತಿಗಳ ಸಂಬಂಧ, ಪಾಠಾಂತರ, ಲೋಪ, ಪ್ರಕ್ಷೇಪಗಳ ಪರಿಕಲ್ಪನೆಗಳು ಈ ಹೊಸ ಆಕರಗಳಿಗೂ ಅನ್ವಯಿಸುತ್ತವೆ. 'ಚಿತ್ರವನ್ನು ನೋಡಿದೆ' ಎನ್ನುವ ಸಂಶೋಧಕ ಯಾವ ಪ್ರತಿಯನ್ನು ನೋಡಿದನೆಂದು ಹೇಳಬೇಕಾಗುತ್ತದೆ.

ನಷ್ಟದ ಪ್ರಮಾಣ ಸಣ್ಣದಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದೇ 1964ರಲ್ಲಿ. ಧಾರಾವಾಹಿಗಳ ಸ್ಥಿತಿ ಇನ್ನೂ ಸೂಕ್ಷ್ಮ. ಅವನ್ನು ಒಮ್ಮೆ ಬಿತ್ತರಿಸಿ ಮುಗಿಯುವ ಸರಕೆಂದೇ ಎಣಿಸಲಾಗಿತ್ತು. ಬ್ರಿಟನ್ನಿನ ಬಿ.ಬಿ.ಸಿ.ಯಂಥ ಸಂಸ್ಥೆಯೂ 1960ರ ದಶಕದ ತನ್ನ ಹಲವು ಕಾರ್ಯಕ್ರಮಗಳ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿ, ಬಳಿಕ ಅವುಗಳಿಗಾಗಿ ಹುಡುಕಾಡಿತು. ಕನ್ನಡದಲ್ಲಿ ಸದಾನಂದ ಸುವರ್ಣರ 'ಗುಡ್ಡದ ಭೂತ'ವಾಗಲಿ, 1998ರಲ್ಲಿ ದೂರದರ್ಶನದಲ್ಲಿ ಬಂದ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ನಿರ್ದೇಶನದ 'ಮಾಯಾಮೃಗ'ವಾಗಲಿ ಅಂತರಜಾಲದ ಮೂಲಕ ಮತ್ತೆ ದೊರೆತು ಹೊಸ ನೋಡುಗರನ್ನು ಪಡೆದಿವೆ. 'ಮಾಯಾಮೃಗ'ಕ್ಕೆ 2022ರಲ್ಲಿ 'ಮತ್ತೆ ಮಾಯಾಮೃಗ' ಎಂಬ ಮುಂದುವರಿಕೆಯೂ ಬಂದಿತು. ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಮೂಲ ನೆಗೆಟಿವ್‌ನಿಂದ ಪುನರುಜ್ಜೀವನಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ನೆಗೆಟಿವ್ ಉಳಿದಿದ್ದರಿಂದ ಇದು ಸಾಧ್ಯವಾಯಿತು. ಉಳಿಸಿದ್ದನ್ನು ಮಾತ್ರ ಮರಳಿ ಪಡೆಯಬಹುದೆಂಬ ಸರಳ ಸತ್ಯಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಕನ್ನಡ ವಿಭಾಗಗಳ ಹೊಣೆ

ದೃಶ್ಯಪಠ್ಯಗಳ ಭೌತಿಕ ಸಂರಕ್ಷಣೆಗೆ ಬೇಕಾದ ಹಣ, ತಂತ್ರಜ್ಞಾನಗಳು ಭಾಷಾ ವಿಭಾಗಗಳಲ್ಲಿ ಇಲ್ಲವೆಂಬುದು ನಿಜ. ಆದರೆ ಅವುಗಳ ಶಕ್ತಿಗೆ ನಿಲುಕುವ ಕೆಲಸಗಳು ಇವೆ. ಮೊದಲನೆಯದು, ಹಸ್ತಪ್ರತಿ ಸೂಚಿಗಳ ಮಾದರಿಯಲ್ಲಿ ಕನ್ನಡ ಧಾರಾವಾಹಿಗಳ ವಿವರಣಾತ್ಮಕ ಸೂಚಿ. ಮೂಲಕೃತಿ, ನಿರ್ದೇಶಕ, ಸಂಭಾಷಣಕಾರ, ವರ್ಷ, ಕಂತುಗಳ ಸಂಖ್ಯೆ, ದೊರೆಯುವ ಪ್ರತಿ, ಅದರ ಅವಧಿ, ಅದರಲ್ಲಿನ ಲೋಪಗಳು ಇಷ್ಟನ್ನು ಅದು ದಾಖಲಿಸಿದರೂ ಮುಂದಿನ ಸಂಶೋಧನೆಗೆ ಬುನಾದಿಯಾಗುತ್ತದೆ. ಎರಡನೆಯದು, ಸಾಹಿತ್ಯ ಕೃತಿಯ ರೂಪಾಂತರವನ್ನು ಬೋಧಿಸುವಾಗ ಬಳಸಿದ ಪ್ರತಿಯನ್ನು ಸ್ಪಷ್ಟವಾಗಿ ಉಲ್ಲೇಖಿಸುವ ಶಿಸ್ತು. ಮೂರನೆಯದು, ನೋಡುಗರ ನೆನಪುಗಳ ಕ್ಷೇತ್ರಕಾರ್ಯ. ಜಾನಪದ ಅಧ್ಯಯನವು ಹಾಡು, ಕಥೆಗಳಿಗಾಗಿ ಹಳ್ಳಿಗೆ ಹೋದಂತೆ, ಮೊದಲ ಟಿ.ವಿ. ಯಾರ ಮನೆಗೆ ಬಂತು, ಅಲ್ಲಿ ಯಾರಿಗೆ ಪ್ರವೇಶವಿತ್ತು, ಯಾರು ಬಾಗಿಲ ಹೊರಗೇ ನಿಂತು ನೋಡಿದರು ಎಂಬುದನ್ನು ಕೇಳಲು ಈಗಲೂ ಅವಕಾಶವಿದೆ. ಈ ಮೂರನೆಯ ಕೆಲಸಕ್ಕೆ ಕಾಲ ಕಾಯುವುದಿಲ್ಲ. 1987ರಲ್ಲಿ ಮೂವತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತರ ಆಸುಪಾಸಿನವರು.

ಒಟ್ಟಿನಲ್ಲಿ, ದಿಗ್ಬಂಧನವು ನೋಡುಗನಿಗೆ ಬಿಡುವನ್ನು ಕೊಟ್ಟಿತು, ಆಯ್ಕೆಯನ್ನು ಕೊಡಲಿಲ್ಲ. ಮರುಪ್ರಸಾರದ ಹಕ್ಕು ಮತ್ತು ಪ್ರತಿಗಳು ಯಾರ ಬಳಿ ಇದ್ದವೋ ಅವರು ಅಭಿಜಾತವಾವುದೆಂದು ತೀರ್ಮಾನಿಸಿದರು. ರೈಲುಗಳು ಮತ್ತೆ ಓಡತೊಡಗಿ, ಬೀರೂರಿನ ಕವಲುಗಳಲ್ಲಿ ಸಂಚಾರ ಮರಳಿ ವರ್ಷಗಳೇ ಕಳೆದಿವೆ. ಮುಂದೊಂದು ದಿನ ಶಿವನಿಯ ಮನೆಯೊಂದರ ವಿದ್ಯಾರ್ಥಿನಿಯು ತನ್ನ ಸೀಮೆಯ, ತನ್ನ ಭಾಷೆಯ ಹಳೆಯ ದೃಶ್ಯಕೃತಿಯೊಂದನ್ನು ಅಧ್ಯಯನಕ್ಕೆ ಆಯ್ದುಕೊಂಡಾಗ ಅವಳ ಕೈಗೆ ಕೃತಿ ದೊರೆಯುವುದೋ, ಅಥವಾ 'ಕವಿರಾಜಮಾರ್ಗ'ದ ಗದ್ಯಕಾರರಂತೆ ಹೆಸರಷ್ಟೇ ದೊರೆಯುವುದೋ ಎಂಬುದು ಇಂದಿನ ವಿಭಾಗಗಳು ಕೈಗೊಳ್ಳುವ ಕೆಲಸವನ್ನು ಅವಲಂಬಿಸಿದೆ.