ಬಿಸಿಲು, ಬೆಳಕು ಮತ್ತು ಅರೆತಲೆನೋವು

ಜಾತ್ರೆಯ ರಥ ಎಳೆಯುವ ದಿನ ಊರೆಲ್ಲ ಬೀದಿಗಿಳಿದಿರುವಾಗ, ಮನೆಯ ಹೆಣ್ಣುಮಗಳೊಬ್ಬಳು ಒಳಕೋಣೆಯ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಮಲಗಿರುವುದನ್ನು ನಮ್ಮಲ್ಲಿ ಹಲವರು ಕಂಡಿರುತ್ತೇವೆ. ಬೆಳಗಿನಿಂದ ದಾಸೋಹದ ಕೆಲಸದಲ್ಲಿ ಓಡಾಡಿದವಳೂ ಆಕೆಯೇ. ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ತಾಸು ನಿಂತದ್ದೇ ನೆಪವಾಗಿ ತಲೆಯ ಒಂದು ಪಾರ್ಶ್ವ ಸಿಡಿಯತೊಡಗಿತು, ವಾಂತಿಯಾಯಿತು, ಬಾಗಿಲ ಸಂದಿಯ ಬೆಳಕು ಕೂಡ ಕಣ್ಣಿಗೆ ಸೂಜಿಯಂತೆ ಚುಚ್ಚಿತು. ‘ಅದೇ ಬಿಸಿಲಿನಲ್ಲಿ ನಾವೂ ನಿಂತಿದ್ದೆವಲ್ಲ’ ಎಂಬ ಮಾತು ಹೊರಗಿನಿಂದ ಕೇಳಿಬರುತ್ತದೆ. ಬಿಸಿಲು ಒಂದೇ ಎಂಬುದು ನಿಜ. ಆದರೆ ಅದನ್ನು ಬರಮಾಡಿಕೊಳ್ಳುವ ಮಿದುಳು ಒಂದೇ ಬಗೆಯದಲ್ಲ.

ವೈದ್ಯರು ಮೈಗ್ರೇನ್ ಎಂದು ಕರೆಯುವ ಈ ಅರೆತಲೆನೋವು ಮಿದುಳಿನ ಒಂದು ವ್ಯಾಧಿ. ಇದು ಹಟವೂ ಅಲ್ಲ, ಮನೋದೌರ್ಬಲ್ಯವೂ ಅಲ್ಲ. ಚಿಕಿತ್ಸೆ ಪಡೆಯದಿದ್ದರೆ ಒಂದು ಸಲದ ನೋವು ನಾಲ್ಕು ತಾಸಿನಿಂದ ಮೂರು ದಿನದವರೆಗೂ ಉಳಿಯಬಲ್ಲದು. ಬೆಳಕನ್ನೂ ಶಬ್ದವನ್ನೂ ಸಹಿಸಲಾಗದಿರುವುದು ಈ ವ್ಯಾಧಿಯನ್ನು ಗುರುತಿಸಲು ವೈದ್ಯರು ಬಳಸುವ ಮುಖ್ಯ ಲಕ್ಷಣಗಳಲ್ಲಿ ಒಂದು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಬೆಂಗಳೂರು ಮತ್ತು ಸುತ್ತಲಿನ ಗ್ರಾಮಗಳಲ್ಲಿ 18ರಿಂದ 65 ವರ್ಷದವರನ್ನು ಮನೆಮನೆಗೆ ಹೋಗಿ ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವರ್ಷವೊಂದರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಾಡಿರುವುದು ಕಂಡುಬಂದಿತು. ಅಂದರೆ ಪ್ರಸಾದದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲೇ ಕುಳಿತವರಿಗೆ ಇದು ಇರಬಹುದು.

ನಮ್ಮ ಪ್ರಾಚೀನ ವೈದ್ಯರಿಗೂ ಇದು ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯು ಹನ್ನೊಂದು ಬಗೆಯ ಶಿರೋರೋಗಗಳನ್ನು ಹೇಳುವಾಗ, ತಲೆಯ ಅರ್ಧಭಾಗವನ್ನು ಭೇದಿಸುವಂತೆ ನೋಯಿಸಿ, ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಮರುಕಳಿಸುವ ನೋವನ್ನು ‘ಅರ್ಧಾವಭೇದಕ’ವೆಂದು ಕರೆಯುತ್ತದೆ. ಸೂರ್ಯನು ಏರಿದಂತೆ ಏರಿ, ಅವನು ಇಳಿದಂತೆ ಇಳಿಯುವ ಮತ್ತೊಂದು ನೋವಿಗೆ ‘ಸೂರ್ಯಾವರ್ತ’ವೆಂಬ ಹೆಸರಿದೆ. ಹೆಸರು ಕೇಳಿದೊಡನೆ ಇದೇ ಬಿಸಿಲಿನ ಮೈಗ್ರೇನ್ ಎಂದು ಕೆಲವರು ಹೇಳಿಬಿಡುತ್ತಾರೆ. ಅಷ್ಟು ಸುಲಭವಾಗಿ ಸಮೀಕರಿಸುವುದು ಸರಿಯಲ್ಲ. ಹಣೆಯ ಮೂಳೆಯ ಪೊಳ್ಳುಗಳಲ್ಲಿ ಸೋಂಕಾದಾಗಲೂ ನೋವು ಬೆಳಗ್ಗೆ ಏರಿ ಸಂಜೆಗೆ ಇಳಿಯುವುದುಂಟು.

ಬೆಳಕು ನೋವಾಗಿ ಪರಿಣಮಿಸುವುದು ಹೇಗೆ? ಇದಕ್ಕೆ ಸ್ವಾರಸ್ಯಕರವಾದ ಉತ್ತರ ದೊರೆತದ್ದು ದೃಷ್ಟಿಹೀನರಿಂದ. ಅಮೆರಿಕದ ವಿಜ್ಞಾನಿ ರಾಮಿ ಬರ್ಸ್ಟೀನ್ ಮತ್ತು ಸಂಗಡಿಗರು ಮೈಗ್ರೇನ್ ಇದ್ದ ಅಂಧರನ್ನು ಪರೀಕ್ಷಿಸಿ 2010ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಕಣ್ಣುಗುಡ್ಡೆಯನ್ನೇ ಕಳೆದುಕೊಂಡವರು ಅಥವಾ ಕಣ್ಣಿನ ನರ ಪೂರ್ತಿ ನಾಶವಾದವರಿಗೆ ಬೆಳಕಿನಿಂದ ನೋವು ಹೆಚ್ಚುತ್ತಿರಲಿಲ್ಲ. ಆದರೆ ರೂಪಗಳನ್ನು ಕಾಣಲಾರದೆ, ಹಗಲು ಇರುಳುಗಳ ಅರಿವು ಮಾತ್ರ ಉಳಿದಿದ್ದವರಿಗೆ ಬೆಳಕು ನೋವನ್ನು ಹೆಚ್ಚಿಸುತ್ತಿತ್ತು. ನೋಡುವುದಕ್ಕೂ ನೋಯುವುದಕ್ಕೂ ದಾರಿ ಬೇರೆ ಎಂಬುದು ಇದರಿಂದ ತಿಳಿಯಿತು. ಅಕ್ಷಿಪಟಲದಲ್ಲಿ ಚಿತ್ರವನ್ನು ಗ್ರಹಿಸುವ ಕೋಶಗಳಲ್ಲದೆ, ಮೆಲನಾಪ್ಸಿನ್ ಎಂಬ ವರ್ಣದ್ರವ್ಯವುಳ್ಳ ಕೆಲವು ನರಕೋಶಗಳಿವೆ. ಹಗಲೆಷ್ಟು ಇರುಳೆಷ್ಟು ಎಂದು ದೇಹಕ್ಕೆ ತಿಳಿಸುವುದು ಇವುಗಳ ಕೆಲಸ. ನೀಲಿ ಬೆಳಕಿಗೆ ಇವು ವಿಶೇಷವಾಗಿ ಸ್ಪಂದಿಸುತ್ತವೆ. ಇವುಗಳ ಎಳೆಗಳು ಮಿದುಳಿನ ನಡುವಿನ ಥಾಲಮಸ್ ಎಂಬ ಭಾಗದಲ್ಲಿ, ಮಿದುಳಿನ ಹೊದಿಕೆಯ ನೋವನ್ನು ಹೊತ್ತುತರುವ ನರಕೋಶಗಳ ಬಳಿಯೇ ಬಂದು ಸೇರುತ್ತವೆ. ಮೈಗ್ರೇನ್ ಬಂದಾಗ ಆ ನೋವಿನ ಕೋಶಗಳು ಮೊದಲೇ ಕೆರಳಿರುತ್ತವೆ. ಅಲ್ಲಿಗೆ ಬೆಳಕಿನ ಸಂದೇಶವೂ ಬಂದು ಬಿದ್ದರೆ ಉರಿಯುವ ಒಲೆಗೆ ಗಾಳಿ ಊದಿದಂತಾಗುತ್ತದೆ. 2016ರಲ್ಲಿ ಅದೇ ತಂಡವು ಬಣ್ಣಬಣ್ಣದ ಬೆಳಕುಗಳನ್ನು ಪರೀಕ್ಷಿಸಿದಾಗ, ಹಸಿರು ಬೆಳಕು ಉಳಿದೆಲ್ಲವುಗಳಿಗಿಂತ ಕಡಿಮೆ ಬಾಧಿಸುವುದು ಕಂಡಿತು.

ಇನ್ನು ಬಿಸಿಲಿನ ವಿಷಯ. ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ನಡುಹಗಲ ಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಜೊತೆಗೆ ಬಿಸಿಲೆಂದರೆ ಬರಿಯ ಬೆಳಕಲ್ಲ. ಶಾಖ, ಬೆವರು, ನೀರಡಿಕೆ, ಹೊತ್ತು ಮೀರಿದ ಊಟ ಎಲ್ಲವೂ ಒಟ್ಟಿಗೆ ಬರುತ್ತವೆ. ಒಂದೊಂದನ್ನೇ ತಾಳಬಲ್ಲ ಮಿದುಳು ನಾಲ್ಕೂ ಕೂಡಿದಾಗ ಸೋಲುತ್ತದೆ. ಸ್ಥಿರವಾದ ಬೆಳಕಿಗಿಂತ ಮಿನುಗುವ ಬೆಳಕು ಇನ್ನೂ ಕೆಟ್ಟದ್ದು. ಸಾಲುಮರಗಳ ನಡುವೆ ಓಡುವ ಬಸ್ಸಿನ ಕಿಟಕಿಯಲ್ಲಿ ಬಿಸಿಲು ನೆರಳು ಪಟಪಟನೆ ಬದಲಾಗುವಾಗ ತಲೆ ಹಿಡಿದುಕೊಳ್ಳುವವರಿದ್ದಾರೆ. ಅಂಥವರು ಬಿಸಿಲು ಬೀಳದ ಬದಿಯ ಆಸನ ಹಿಡಿದು ಕಣ್ಣು ಮುಚ್ಚಿ ಕೂರುವುದು ಲೇಸು. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಕಾಣದಿದ್ದರೂ ಕೆಲವರ ತಲೆಗೆ ಅದು ತಿಳಿಯುತ್ತದೆ.

ಹೊರಗೆ ಹೋಗುವಾಗ ಕೊಡೆಯಾಗಲಿ ಅಗಲ ಅಂಚಿನ ಟೋಪಿಯಾಗಲಿ ಇರಲಿ. ಕೊಡೆ ಹಿಡಿಯಲು ಗಂಡಸರು ಸಂಕೋಚಪಡುವುದೇಕೋ ತಿಳಿಯದು. ಡಾಂಬರು ರಸ್ತೆ, ಕೆರೆಯ ನೀರುಗಳಿಂದ ಹೊಳೆದು ಬರುವ ಪ್ರಖರತೆಯನ್ನು ಪೋಲರೈಸ್ಡ್ ಗಾಜಿನ ಕನ್ನಡಕ ತಗ್ಗಿಸುತ್ತದೆ. ಆದರೆ ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಬೆಳಕಿನ ಭಯದಿಂದ ಮನೆಯೊಳಗೂ ಕಪ್ಪು ಕನ್ನಡಕ ಧರಿಸುವವರು, ನೋವಿಲ್ಲದ ದಿನಗಳಲ್ಲೂ ಕತ್ತಲೆಯಲ್ಲೇ ಇರುವವರು ತಮಗೆ ತಾವೇ ತೊಂದರೆ ತಂದುಕೊಳ್ಳುತ್ತಾರೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಸಾಧಾರಣ ಬೆಳಕೂ ಪ್ರಖರವಾಗುತ್ತದೆ. ಆಗ ಇನ್ನೂ ಕಪ್ಪಾದ ಗಾಜು ಬೇಕೆನಿಸುತ್ತದೆ. ಮನೆಯೊಳಗೆ ಕನ್ನಡಕ ಬೇಕೇಬೇಕೆಂದರೆ ತೆಳು ಗುಲಾಬಿ ಬಣ್ಣದ ಎಫ್‌ಎಲ್-41 ಎಂಬ ಗಾಜುಗಳಿವೆ. ನೀಲಿಯ ಒಂದಂಶವನ್ನು ತಡೆಯುವ ಇವುಗಳ ಬಗ್ಗೆ ನೇತ್ರವೈದ್ಯರನ್ನು ವಿಚಾರಿಸಬಹುದು. ನೋವು ಬಂದ ಹೊತ್ತಿನಲ್ಲಿ ಕತ್ತಲಕೋಣೆ ಔಷಧವೇ ಸರಿ. ನೋವು ಇಳಿದ ಮೇಲೆ ಕಿಟಕಿ ತೆರೆಯಬೇಕು.

ಇನ್ನೊಂದು ಭ್ರಮೆಯನ್ನೂ ಹೇಳಬೇಕು. ಮೈಗ್ರೇನ್ ನೋವಿನಿಂದಲೇ ಆರಂಭವಾಗುವುದಿಲ್ಲ. ಅದಕ್ಕೆ ಕೆಲವು ತಾಸು, ಒಮ್ಮೊಮ್ಮೆ ಒಂದು ದಿನ ಮೊದಲೇ ಆಕಳಿಕೆ, ಕತ್ತು ಬಿಗಿತ, ಸಿಡುಕು, ಬೆಳಕಿನ ಅಸಹನೆ ಇವು ತಲೆದೋರಬಹುದು. ಆ ಸ್ಥಿತಿಯಲ್ಲಿ ಅಂಗಳಕ್ಕೆ ಬಂದವರಿಗೆ ಬಿಸಿಲು ಅಸಹ್ಯವಾಗುತ್ತದೆ, ಆಮೇಲೆ ನೋವು ಬರುತ್ತದೆ. ಬಿಸಿಲೇ ತಂದಿತು ಎಂದುಕೊಳ್ಳುತ್ತೇವೆ. ನಿಜವಾಗಿ ವ್ಯಾಧಿ ಆಗಲೇ ಒಳಗೆ ಕಾಲಿಟ್ಟಿತ್ತು. ಆದ್ದರಿಂದ ಎರಡು ಮೂರು ತಿಂಗಳು ಒಂದು ಪುಸ್ತಕದಲ್ಲಿ ದಿನಾಂಕ, ಬಿಸಿಲು, ಊಟ, ನಿದ್ರೆ, ಮುಟ್ಟಿನ ದಿನ, ನುಂಗಿದ ಗುಳಿಗೆ ಇವುಗಳನ್ನು ಬರೆದಿಟ್ಟರೆ ವೈದ್ಯರಿಗೆ ಎಷ್ಟೋ ಸಹಾಯವಾಗುತ್ತದೆ.

ಇಷ್ಟಲಿಂಗಪೂಜೆಯ ನಿಯಮವುಳ್ಳ ಸದ್ಭಕ್ತರು ದೃಷ್ಟಿಯನ್ನು ಲಿಂಗದಲ್ಲಿ ನೆಡುವಾಗ ದೀಪದ ಕುಡಿ ಕಣ್ಣಿಗೆ ನೇರವಾಗಿ ಬೀಳದಂತೆ ಪಕ್ಕಕ್ಕೋ ಹಿಂದಕ್ಕೋ ಇಟ್ಟುಕೊಳ್ಳಬಹುದು. ಹಸಿವು ಮೈಗ್ರೇನನ್ನು ಕೆರಳಿಸುವುದು ಚೆನ್ನಾಗಿ ತಿಳಿದ ಸಂಗತಿ. ಶಿವರಾತ್ರಿಯ ಉಪವಾಸ, ಜಾಗರಣೆ, ಮರುದಿನದ ಬಿಸಿಲು ಸಾಲಾಗಿ ಬಂದರೆ ಕಷ್ಟ. ಅಂಥವರು ಹಣ್ಣುಹಾಲು ಸ್ವೀಕರಿಸಿ ನೀರು ಕುಡಿಯುತ್ತಿರುವುದು ಒಳ್ಳೆಯದು.

ಔಷಧದ ವಿಷಯದಲ್ಲಿ ನಮ್ಮವರ ದೊಡ್ಡ ತಪ್ಪೆಂದರೆ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತಲೇ ಇರುವುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳಂಥ ಸಾಧಾರಣ ಗುಳಿಗೆಗಳನ್ನು ತಿಂಗಳಿಗೆ 15 ದಿನ, ಹಲವು ಔಷಧಗಳ ಮಿಶ್ರಣದ ಗುಳಿಗೆ ಅಥವಾ ಟ್ರಿಪ್ಟಾನ್‌ಗಳನ್ನು 10 ದಿನ, ತಿಂಗಳುಗಟ್ಟಲೆ ತೆಗೆದುಕೊಂಡರೆ ಗುಳಿಗೆಯೇ ಹೊಸ ತಲೆನೋವನ್ನು ಹುಟ್ಟಿಸುತ್ತದೆ. ತಿಂಗಳಿಗೆ ನಾಲ್ಕಾರು ಸಲ ನೋವು ಬರುವವರಿಗೆ ಅದನ್ನು ತಡೆಯುವ ಬೇರೆ ಔಷಧಗಳೇ ಇವೆ. ಆಸ್ತಮಾ, ಹೃದ್ರೋಗ, ಗರ್ಭಧಾರಣೆ ಇವುಗಳನ್ನು ನೋಡಿ ವೈದ್ಯರೇ ಅವನ್ನು ಆರಿಸಬೇಕು. ಹಣೆಗೆ ತಣ್ಣೀರು ಬಟ್ಟೆ, ಗಂಧದ ಪಟ್ಟು ಹಾಕುವುದರಿಂದ ಹಾನಿಯಿಲ್ಲ. ಕಣ್ಣಿಗೆ ಸೊಪ್ಪಿನ ರಸ ಹಿಂಡುವುದನ್ನು ಮಾತ್ರ ಖಂಡಿತ ಬಿಡಬೇಕು.

ಬೆಳಕು ಸಹಿಸದಿರುವುದೆಲ್ಲ ಮೈಗ್ರೇನ್ ಆಗಿರಬೇಕಿಲ್ಲ. ಜ್ವರದೊಡನೆ ಕತ್ತು ಸೆಟೆದು ಬೆಳಕಿಗೆ ಮುಖ ತಿರುಗಿಸಿದರೆ ಅದು ಮಿದುಳುಪೊರೆಯ ಉರಿಯೂತವಿರಬಹುದು. ಕಣ್ಣು ಕೆಂಪಾಗಿ ನೊಂದು, ದೃಷ್ಟಿ ಮಂಜಾಗಿ, ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ ಅದು ಕಣ್ಣೊಳಗಿನ ಒತ್ತಡ ಹಠಾತ್ತನೆ ಏರಿದ ಗ್ಲಾಕೋಮಾ ಆಗಿರಬಹುದು. ತಡವಾದರೆ ದೃಷ್ಟಿಯೇ ಹೋಗುತ್ತದೆ. ಸಿಡಿಲೆರಗಿದಂತೆ ಒಮ್ಮೆಲೇ ಬಂದ ಭೀಕರ ತಲೆನೋವು, ಮಾತು ತೊದಲುವಿಕೆ, ಕೈಕಾಲು ಸೋಲುವಿಕೆ ಕಂಡರಂತೂ ಕತ್ತಲಕೋಣೆಯಲ್ಲಿ ಮಲಗಿಸದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ತಲೆನೋವನ್ನು ‘ಬಿಸಿಲಿನದು’ ಎಂದು ಬಿಡದೆ ಆ ವಾರದೊಳಗೇ ವೈದ್ಯರಿಗೆ ತೋರಿಸಬೇಕು.